ಕೌದಿ ಹೊಲಿದವರ ಬಾಕಿ

ಕಳೆದ ಚಳಿಗಾಲದಲ್ಲಿ ನಮ್ಮ ಪಕ್ಷದ ಜಿಲ್ಲಾ ಶಿಬಿರ ನಡೆದ ಸಂಗತಿ ಓದುಗರಿಗೆ ತಿಳಿದೇ ಇದೆ. ಹೊರ ತಾಲ್ಲೂಕುಗಳಿಂದ ಬಂದ ಸಂಗಾತಿಗಳು ಮೂರು ರಾತ್ರಿ ಛತ್ರದ ನೆಲದ ಮೇಲೆ ಮಲಗಬೇಕಾಗಿತ್ತು. ಅವರಿಗೆಂದು 12 ಕೌದಿ ಹೊಲಿಸಿದೆವು. ಹಳೆಯ ಸೀರೆ, ಪಂಚೆಗಳನ್ನು ಸದಸ್ಯರ ಮನೆಗಳಿಂದ ಕೂಡಿಹಾಕಿ ಕೊಟ್ಟಿದ್ದೆವು. ದಾರ ಮಾತ್ರ ಹೊಲಿಯುವವರದು. ಹಳೆಯ ಗಿರಣಿಯ ಹಿಂದಿನ ಓಣಿಯ ಒಬ್ಬ ತಾಯಿ ನೆರೆಯ ನಾಲ್ವರು ಹೆಂಗಸರನ್ನು ಸೇರಿಸಿಕೊಂಡು, ಶಿಬಿರಕ್ಕೆ ಎರಡು ದಿನ ಮೊದಲೇ ಹನ್ನೆರಡನ್ನೂ ಮುಗಿಸಿ ಕಚೇರಿಗೆ ತಂದಿಟ್ಟರು. ಒಂದಕ್ಕೆ 600 ರೂಪಾಯಿ ಕೇಳಿದರು. ಲೆಕ್ಕ ನಮ್ಮ ಸಮಿತಿಯ ಮುಂದೆ ಬಂದಾಗ ಒಬ್ಬ ಸದಸ್ಯರು, "ಮನೆಯಲ್ಲಿ ಕೂತ ಹೆಂಗಸರು ಪುರುಸೊತ್ತಿನಲ್ಲಿ ಹೊಲಿದದ್ದಕ್ಕೆ ಇಷ್ಟು ಹಣವೇ? ಬಟ್ಟೆ ಬೇರೆ ನಮ್ಮದು" ಎಂದರು. ಚರ್ಚೆ ಐದು ನಿಮಿಷ ಸಹ ನಡೆಯಲಿಲ್ಲ. 500ಕ್ಕೆ ಇಳಿಸಿದೆವು. ಆ ತಾಯಿ ಹಣ ಎಣಿಸಿಕೊಂಡು ಹೋದರು. ಅದೇ ಸಭೆಯ ಮುಂದಿನ ವಿಷಯ ಕನಿಷ್ಠ ಕೂಲಿಯನ್ನು ಕುರಿತ ಗೊತ್ತುವಳಿ. ಅದು ಸರ್ವಾನುಮತದಿಂದ ಅಂಗೀಕಾರವಾಯಿತು.

ಈ ಎರಡು ತೀರ್ಮಾನಗಳೂ ನಡಾವಳಿ ಪುಸ್ತಕದ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಇರುವುದು ಎಷ್ಟೋ ದಿನಗಳಾದ ಮೇಲೆ ನಮ್ಮ ಕಣ್ಣಿಗೆ ಬಿತ್ತು. ಕಂಡು ನಾಚಿಕೆಯಾಯಿತು. ಯಜಮಾನರ ತಪ್ಪು, ಸರ್ಕಾರದ ತಪ್ಪು, ಎದುರು ಪಕ್ಷದವರ ತಪ್ಪು ಇವನ್ನು ವಾರ ವಾರ ಎತ್ತಿ ಹೇಳುವುದು ಈ ಪತ್ರಿಕೆಗೆ ಅಭ್ಯಾಸವಾಗಿಬಿಟ್ಟಿದೆ. ಈ ವಾರ ತಪ್ಪು ನಮ್ಮದು. ಆದುದರಿಂದ ಅದನ್ನೇ ಬರೆಯುತ್ತೇವೆ.

ನಮ್ಮ ಪತ್ರಿಕೆಯವರು ಇಬ್ಬರು ಆ ತಾಯಿಯ ಮನೆಗೆ ಹೋಗಿ ಒಂದು ಇಡೀ ದಿನ ಕುಳಿತೆವು. ಅವರ ಹೆಸರು ಹಾಕಿಲ್ಲ. "ಹೆಸ್ರು ಹಾಕಬ್ಯಾಡ್ರಿ ಅಣ್ಣಾರ, ಅಂಗಡಿಯೋರು ಕೆಲ್ಸ ಕೊಡೋದು ಬಿಟ್ರೆ ಏನ್ ಮಾಡ್ಲಿ?" ಎಂದು ಅವರು ಕೇಳಿಕೊಂಡರು. ಹೆಸರು ಬಂದರೆ ಕೆಲಸ ಹೋದೀತೆಂಬ ಹೆದರಿಕೆ ಗಿರಣಿಯ ಬದಲಿ ಕೆಲಸಗಾರರಿಗೆ ಮಾತ್ರ ಇರುತ್ತದೆಂದು ನಾವು ತಿಳಿದಿದ್ದೆವು.

ಎರಡು ಅಂಕಣದ, ತಗಡು ಹೊದಿಸಿದ ಮನೆ. ಯಜಮಾನರು ಗಿರಣಿಯ ನೇಯ್ಗೆ ಖಾತೆಯಲ್ಲಿ 22 ವರ್ಷ ದುಡಿದವರು. ಗಿರಣಿ ಮುಚ್ಚಿ ಬಹಳ ವರ್ಷಗಳಾದವು. ಹತ್ತಿಯ ಧೂಳು ಮಾತ್ರ ಎದೆಯಲ್ಲಿ ಕೂತಿದೆ, ಬೆಳಗಿನ ಜಾವ ಕೆಮ್ಮು ಬಿಡುವುದಿಲ್ಲ. ಮಗ ಮಾರುಕಟ್ಟೆ ಅಂಗಳದಲ್ಲಿ ಹಮಾಲಿ. ಸೊಸೆ ಮಂಡಕ್ಕಿ ಭಟ್ಟಿಗೆ ಹೋಗುತ್ತಾಳೆ. ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು. ನಲ್ಲಿಯಲ್ಲಿ ನೀರು ಬರುವ ದಿನ ತಾಯಿ ನಾಲ್ಕೂವರೆಗೆ ಏಳುತ್ತಾರೆ, ಬಾರದ ದಿನ ಐದಕ್ಕೆ. ರೊಟ್ಟಿ ಬಡಿದು, ಪಲ್ಯ ಮಾಡಿ, ಮಗನಿಗೆ ಸೊಸೆಗೆ ಬುತ್ತಿ ಕಟ್ಟಿ, ಮಕ್ಕಳ ತಲೆ ಬಾಚಿ ಕಳಿಸಿ, ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಯಜಮಾನರಿಗೆ ಬಿಸಿನೀರು ಕೊಟ್ಟು ಮುಗಿಸುವ ಹೊತ್ತಿಗೆ ಹನ್ನೊಂದು ಗಂಟೆ. ಆಗ ಕೌದಿ ಬಿಚ್ಚುತ್ತಾರೆ. ಮಧ್ಯಾಹ್ನ ಊಟಕ್ಕೆ ಎದ್ದು, ಮತ್ತೆ ಕೂತು, ಮಕ್ಕಳು ಮನೆಗೆ ಬರುವವರೆಗೆ ಹೊಲಿಯುತ್ತಾರೆ. ಎಲ್ಲ ಸೇರಿ ದಿನಕ್ಕೆ ನಾಲ್ಕು ತಾಸು ಸಿಕ್ಕರೆ ಪುಣ್ಯ. ಯಾರಾದರೂ ನೆಂಟರು ಬಂದರೆ, ಮಗುವಿಗೆ ಜ್ವರ ಬಂದರೆ ಅದೂ ಇಲ್ಲ.

ನಮ್ಮ ಸದಸ್ಯರು "ಪುರುಸೊತ್ತು" ಎಂದು ಕರೆದದ್ದು ಈ ನಾಲ್ಕು ತಾಸನ್ನು.

ಕೌದಿ ಎಲ್ಲರ ಮನೆಯಲ್ಲಿಯೂ ಇದೆ, ಆದರೆ ಹೊದ್ದವರು ಬಹಳ, ಹೊಲಿಯುವುದನ್ನು ನೋಡಿದವರು ಕಡಮೆ. ಗಂಡಸರಂತೂ ಅದು ತಾನಾಗಿ ಬೆಳೆಯುವ ವಸ್ತುವೆಂದು ನಂಬಿದಂತೆ ಕಾಣುತ್ತದೆ. ಆದುದರಿಂದ ನಾವು ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ನೆಲವನ್ನು ಗುಡಿಸಿ ಒರೆಸಿ ಅಡಿಯ ಸೀರೆಯನ್ನು ಸುಕ್ಕಿಲ್ಲದಂತೆ ಹಾಸುತ್ತಾರೆ. ಅದು ಸರಿಯದಂತೆ ಒಂದು ಮೂಲೆಗೆ ಗುಂಡುಕಲ್ಲು, ಇನ್ನೊಂದಕ್ಕೆ ತುಂಬಿದ ಕೊಡ, ಮೂರನೆಯದಕ್ಕೆ ಅಕ್ಕಿಯ ಡಬ್ಬಿ, ನಾಲ್ಕನೆಯದಕ್ಕೆ ಮೊಮ್ಮಗ ಮನೆಯಲ್ಲಿದ್ದರೆ ಮೊಮ್ಮಗ. ಅದರ ಮೇಲೆ ಹರಿದ ಪಂಚೆ, ಲುಂಗಿ, ಲಂಗದ ತುಂಡುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಜೋಡಿಸುತ್ತಾರೆ. ಎಲ್ಲಿಯೂ ತೆಳ್ಳಗಾಗಬಾರದು, ಎಲ್ಲಿಯೂ ಗಂಟಾಗಬಾರದು. ಮೇಲೆ ಇನ್ನೊಂದು ಸೀರೆ. ಗಟ್ಟಿ ಉಳಿದ ಸೆರಗು ಕಾಣುವ ಕಡೆಗೆ. ನಾಲ್ಕು ಅಂಚನ್ನೂ ಒಳಕ್ಕೆ ಮಡಿಸಿ, ದೊಡ್ಡ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಿ, ಆಮೇಲೆ ಸಾಲು ಹಿಡಿಯುತ್ತಾರೆ. ಕೌದಿ ಅಗಲವಾದದ್ದು, ಕೈ ಎಟುಕುವುದಿಲ್ಲ. ಆದುದರಿಂದ ಅದರ ಮೇಲೆಯೇ ಕುಕ್ಕರಗಾಲಲ್ಲಿ ಕೂತು, ಹೊಲಿದಂತೆ ಹಿಂದೆ ಹಿಂದೆ ಸರಿಯುತ್ತಾರೆ. ಎಡಗೈಯ ತೋರುಬೆರಳಿಗೆ ಬಟ್ಟೆ ಸುತ್ತಿರುತ್ತದೆ. ಆ ಬಟ್ಟೆಯನ್ನು ಬಿಚ್ಚಿ ತೋರಿಸಿರೆಂದು ಕೇಳಿದೆವು. ಬೆರಳ ತುದಿ ಜೋಳದ ತೆನೆಯಂತೆ ಚುಕ್ಕೆ ಚುಕ್ಕೆಯಾಗಿತ್ತು.

ಸೂಜಿಗೆ ದಾರ ಪೋಣಿಸುವುದು ಯಜಮಾನರ ಪಾಲಿಗೆ ಬಂದಿದೆ. ತಾಯಿಗೆ ಕಣ್ಣು ಮಂಜು, ಯಜಮಾನರಿಗೆ ಎದೆ ದುರ್ಬಲವಾದರೂ ಕಣ್ಣು ಚೆನ್ನಾಗಿದೆ. ಬೆಳಗ್ಗೆ ಹತ್ತು ಸೂಜಿಗೆ ದಾರ ಹಾಕಿ ತಲೆದಿಂಬಿಗೆ ಚುಚ್ಚಿಟ್ಟುಬಿಡುತ್ತಾರೆ. ದಾರ ಕಡಿದರೆ ನೇಕಾರರ ಗಂಟು ಹಾಕಿ ಕೊಡುತ್ತಾರೆ. ಆ ಗಂಟು ಬಟ್ಟೆಯೊಳಗೆ ಸಿಕ್ಕದೆ ಜಾರಿ ಹೋಗುತ್ತದೆ. "ಇಪ್ಪತ್ತೆರಡು ವರ್ಷದಾಗ ಗಿರಣಿ ಕಲಿಸಿದ್ದು ಇದೊಂದು ಗಂಟು ಮನಿಗೆ ಬಂತು" ಎಂದು ಅವರು ನಕ್ಕರು. ಆಮೇಲೆ ಕೆಮ್ಮಿದರು.

ಈಗ ಲೆಕ್ಕಕ್ಕೆ ಬರೋಣ. ಗಿರಣಿಯ ಓದುಗರು ಗಜ, ಪಿಕ್ಕು, ಪಾಳಿಗಳ ಲೆಕ್ಕದಲ್ಲಿ ನುರಿತವರು. ಇದನ್ನು ಅವರೇ ಪರೀಕ್ಷಿಸಬಹುದು. ನಮ್ಮ ಶಿಬಿರದ ಕೌದಿ 7 ಅಡಿ ಉದ್ದ, 5 ಅಡಿ ಅಗಲ. ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ, ಅಂದರೆ ಮುಕ್ಕಾಲು ಅಂಗುಲ. ಹಾಗಾದರೆ 80 ಸಾಲು. ಒಂದೊಂದು ಸಾಲು 7 ಅಡಿ. ಒಟ್ಟು 560 ಅಡಿ ಹೊಲಿಗೆ. ಅರ್ಧ ಅಂಗುಲಕ್ಕೆ ಒಂದರಂತೆ ಹಿಡಿದರೂ ಒಂದು ಕೌದಿಗೆ 13,440 ಸಲ ಸೂಜಿ ಇಳಿದು ಏಳಬೇಕು. ನಾವು ಗಡಿಯಾರ ಹಿಡಿದು ನೋಡಿದಾಗ ಒಂದು ಸಾಲಿಗೆ 25 ನಿಮಿಷ ಹಿಡಿಯಿತು. ಎಂಬತ್ತು ಸಾಲಿಗೆ 33 ತಾಸು ದಾಟಿತು. ಹಾಸಿ ಜೋಡಿಸುವುದು, ಅಂಚು ಕಟ್ಟುವುದು, ಮೇಲೆ ತೇಪೆ ಹಚ್ಚುವುದು ಸೇರಿದರೆ 40 ತಾಸು. ದಿನಕ್ಕೆ ನಾಲ್ಕು ತಾಸಿನಂತೆ ಹತ್ತು ದಿನದ ಕೆಲಸ.

ನಾವು ಕೊಟ್ಟದ್ದು 500. ಅದರಲ್ಲಿ ದಾರಕ್ಕೆ 60 ಹೋಯಿತು. ಉಳಿದ 440 ರೂಪಾಯಿಯನ್ನು 40 ತಾಸಿಗೆ ಹಂಚಿದರೆ ತಾಸಿಗೆ 11 ರೂಪಾಯಿ. ಎಂಟು ತಾಸಿನ ಒಂದು ಪಾಳಿಗೆ 88. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಅದು ಸಾಲದೆಂದು ನಾವೇ ಈ ಪತ್ರಿಕೆಯಲ್ಲಿ ಬರೆದವರು. ಅದರ ನಾಲ್ಕನೆಯ ಒಂದು ಪಾಲಿಗಿಂತಲೂ ಕಡಮೆ ಕೊಟ್ಟು, ಅದಕ್ಕೂ ಚೌಕಾಸಿ ಮಾಡಿ, ಆ ಕೌದಿಯನ್ನೇ ಹೊದ್ದು ಮಲಗಿ, ಬೆಳಗ್ಗೆ ಎದ್ದು ಶೋಷಣೆಯ ಮೇಲೆ ಭಾಷಣ ಮಾಡಿದೆವು.

"ಹಾಗಾದರೆ 500ಕ್ಕೆ ಏಕೆ ಒಪ್ಪಿದಿರಿ ಅವ್ವಾರ?" ಎಂದು ಕೇಳಿದೆವು.

"ಒಪ್ಪದಿದ್ರೆ ಅದೂ ಇಲ್ಲಲ್ರೀ. ನೀವು ಬಡವರ ಪಕ್ಷದೋರು ಅಂತ ಅಂದ್ರು, ಅದ್ಕೆ ಇನ್ನೂ ಏನೂ ಮಾತಾಡ್ಲಿಲ್ಲ."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಕೌದಿಯ ಇತಿಹಾಸ ಕೂಲಿಯ ಇತಿಹಾಸವೇ ಆಗಿದೆಯೆಂಬುದನ್ನು ನಮ್ಮ ಕಾರ್ಮಿಕ ಸೋದರರು ಯೋಚಿಸಿಲ್ಲ. ದಾವಣಗೆರೆಯಂಥ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದ ಕಾಲದಲ್ಲಿ, ಸಾವಿರಾರು ಗಜ ಬಟ್ಟೆ ನೇಯುವವನ ಮನೆಯಲ್ಲಿ ಹೊದೆಯಲು ಕೊಂಡು ತಂದ ಕಂಬಳಿ ಇರುತ್ತಿತ್ತೇ? ಆ ಕಂಬಳಿಯನ್ನು ಕೊಳ್ಳುವಷ್ಟು ಕೂಲಿಯನ್ನು ಗಿರಣಿ ಕೊಡಲಿಲ್ಲ. ಆ ಕೊರತೆಯನ್ನು ಮನೆಯ ಹೆಂಗಸು ಹರಿದ ಬಟ್ಟೆಯನ್ನು ಕೂಡಿಸಿ ತುಂಬಿದಳು. ಅಂದಮೇಲೆ ಆಕೆ ಹೊಲಿದದ್ದು ಗಂಡನಿಗೋಸ್ಕರ ಮಾತ್ರವಲ್ಲ, ಯಜಮಾನನಿಗೋಸ್ಕರವೂ ಹೊಲಿದಳು. ರಾತ್ರಿ ಪಾಳಿ ಮುಗಿಸಿ ಬಂದವನು ಬೆಚ್ಚಗೆ ಮಲಗಿ ಎದ್ದು ಮತ್ತೆ ಮಗ್ಗದ ಮುಂದೆ ನಿಲ್ಲುವಂತೆ ಮಾಡಿದ ಖರ್ಚು ಯಾವ ಗಿರಣಿಯ ಲೆಕ್ಕದ ಪುಸ್ತಕದಲ್ಲಿಯೂ ಬರಲಿಲ್ಲ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ತಾಸೆಂದು ಗಂಡಸಿನ ದುಡಿಮೆಗೆ ಎಲ್ಲೆ ಕಟ್ಟಿತು. ಅದು ದೊಡ್ಡ ಜಯವೇ. ಆ ಎಲ್ಲೆಯ ಆಚೆ ಅವನ ಹೆಂಡತಿಯ ತಾಸುಗಳನ್ನು ಯಾರೂ ಎಣಿಸಲಿಲ್ಲ. ನಮ್ಮ ಸಂಘಗಳೂ ಎಣಿಸಲಿಲ್ಲ. ಡಾ. ಲೋಹಿಯಾ ಅವರು ತಮ್ಮ ಸಪ್ತಕ್ರಾಂತಿಯಲ್ಲಿ ಹೆಣ್ಣು ಗಂಡಿನ ಸಮಾನತೆಯನ್ನು ಸೇರಿಸಿದ್ದರು, ಒಲೆಯ ಹೊಗೆಯನ್ನು ರಾಜಕೀಯದ ವಿಷಯ ಮಾಡಿದ್ದರು. ಅವರ ಭಾವಚಿತ್ರ ನಮ್ಮ ಕಚೇರಿಯ ಗೋಡೆಯ ಮೇಲಿದೆ. ಕೌದಿಗೆ ಚೌಕಾಸಿ ಮಾಡಿದ್ದು ಅದರ ಕೆಳಗೇ.

ಇನ್ನು ಕಾಯಿದೆಯ ಮಾತು. "ಯಜಮಾನನೇ ಇಲ್ಲದ ಕಡೆ ಕೂಲಿಯನ್ನು ಯಾರ ಮೇಲೆ ಕೇಳುವುದು?" ಎಂಬ ಪ್ರಶ್ನೆಯನ್ನು ನಮ್ಮ ಸಂಘದ ಹಿರಿಯರೊಬ್ಬರೇ ಎತ್ತಿದರು. ಈ ಪ್ರಶ್ನೆ ಹಳೆಯದು. 1972ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ಟರು ತಲೆಹೊರೆಯವರು, ಬೀದಿ ವ್ಯಾಪಾರದವರು, ಮನೆಯಲ್ಲಿ ಕೂತು ಹೊಲಿಯುವವರು ಇಂಥ ಹೆಂಗಸರನ್ನು ಸೇರಿಸಿ 'ಸೇವಾ' ಎಂಬ ಸಂಘವನ್ನು ಕಟ್ಟಹೊರಟಾಗ ಕಾರ್ಮಿಕ ಇಲಾಖೆ ಇದನ್ನೇ ಕೇಳಿತು. ಯಜಮಾನನಿಲ್ಲದೆ ಸಂಘವೆಂತು? ಸಂಘವಿರುವುದು ಯಾರದೋ ವಿರುದ್ಧ ಅಲ್ಲ, ಕೆಲಸಗಾರರ ಒಗ್ಗಟ್ಟಿಗೆ ಎಂದು ವಾದಿಸಿ ಅವರು ನೋಂದಣಿ ಮಾಡಿಸಿದರು. ಆ ಊರಿನಲ್ಲಿ ಗಿರಣಿಗಳಿಂದ ಬೀಳುವ ಚಿಂದಿಯನ್ನು ವ್ಯಾಪಾರಿಗಳು ಕೊಂಡು, ಹಳೆಯ ಪೇಟೆಯ ಮುಸ್ಲಿಂ ಹೆಂಗಸರಿಗೆ ಹಂಚಿ, 'ಖೋಲ್' ಎಂಬ ತೇಪೆಯ ಹೊದಿಕೆ ಹೊಲಿಸುತ್ತಿದ್ದರು. ಕೊಡುತ್ತಿದ್ದುದು ಪೈಸೆಗಳ ಲೆಕ್ಕ. 1970ರ ದಶಕದ ಕೊನೆಯಲ್ಲಿ ಆ ಹೆಂಗಸರು ಒಟ್ಟಾಗಿ ಹೆಚ್ಚು ಕೇಳಿದರು. ವ್ಯಾಪಾರಿಗಳು ಕೆಲಸ ನಿಲ್ಲಿಸಿದರು. ಆಗ ಚಿಂದಿಯನ್ನು ತಾವೇ ಗಿರಣಿಯಿಂದ ತರಿಸಿಕೊಂಡು, ಸಬೀನಾ ಎಂಬ ಸಹಕಾರ ಸಂಘ ಮಾಡಿಕೊಂಡು ಹೊಲಿದರು. 1980ರ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹೆಂಗಸರ ಇಂಥ ಕೆಲಸದಿಂದಲೇ. 'ಸೇವಾ'ದವರ ದಾರಿಗೂ ನಮ್ಮ ದಾರಿಗೂ ಎಲ್ಲ ಕಡೆ ಹೊಂದುವುದಿಲ್ಲ. ಆದರೆ ಅವರು ಮಾಡಿದ್ದನ್ನು ನಾವು ಮಾಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಅಹಮದಾಬಾದಿನವರೆಗೆ ಹೋಗುವುದೂ ಬೇಡ. ನಮ್ಮ ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರು ಮನೆಯ ಜಗಲಿಯಲ್ಲಿಯೇ ಕೂತು ಕಟ್ಟುತ್ತಾರೆ. ಅವರ ಮೇಲೂ ಮೇಸ್ತ್ರಿ ನಿಂತಿರುವುದಿಲ್ಲ, ಗಡಿಯಾರವಿಲ್ಲ, ಹಾಜರಿ ಪುಸ್ತಕವಿಲ್ಲ. ಆದರೂ 1966ರ ಬೀಡಿ ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವಳನ್ನೂ ಕೆಲಸಗಾರಳೆಂದು ಕರೆಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಎಲೆ, ತಂಬಾಕು, ನೂಲು ಮಾಲೀಕನದು, ಸಾವಿರಕ್ಕೆ ಇಂತಿಷ್ಟು ಎಂಬ ದರವೂ ಉಂಟು, ಮನೆ ಯಾರದಾದರೇನು? ಬೀಡಿಗೆ ಒಪ್ಪುವ ಈ ನ್ಯಾಯ ಕೌದಿಗೆ ಒಪ್ಪದಿರುವುದಕ್ಕೆ ಕಾರಣ ಹುಡುಕಿದರೆ ಒಂದೇ ಸಿಗುತ್ತದೆ. ಬೀಡಿಯವರು ಜಗಳ ಮಾಡಿದರು. ಮನೆಗೆಲಸಗಾರರ ದುಡಿಮೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೆಯ ಒಡಂಬಡಿಕೆಯನ್ನು ಮಾಡಿತು. ಭಾರತ ಸರ್ಕಾರ ಅದಕ್ಕೆ ಇನ್ನೂ ಸಹಿ ಹಾಕಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಲ್ಲಿ ಕೂತು ದುಡಿಯುವವರು ಯಾರು ಎಂಬುದಕ್ಕೆ ಅರ್ಥ ಬರೆದಿದ್ದಾರೆ. ಅರ್ಥ ಬರೆದದ್ದರಿಂದ ಒಂದು ಕೌದಿಗೆ ಒಂದು ರೂಪಾಯಿಯೂ ಹೆಚ್ಚಲಿಲ್ಲ.

ಸರ್ಕಾರಿ ಇಲಾಖೆಗಳು, ಪಟ್ಟಣದ ಸುಸಂಸ್ಕೃತರು ಕೌದಿಯನ್ನು ಹೊಗಳುವುದಿಲ್ಲವೆಂದಲ್ಲ. ಹೊಗಳುವುದೇ ಹೆಚ್ಚು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿದವರು ಮರೆಯಲಾರರು. ಅಂಚಿನಿಂದ ಹಿಡಿದು ನಡುವಿಗೆ ಬರುತ್ತಾ ಬಣ್ಣ ಬಣ್ಣದ ತುಂಡುಗಳನ್ನು ಸೇರಿಸಿ, ಮೂಲೆಗಳಿಗೆ ಮಡಿಸಿದ ಮುಕ್ಕೋನದ ಹೂ ಇಡುತ್ತಾರೆ. ಆ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪ್ರದರ್ಶನಕ್ಕೆ ಹೋದವು. ಕಾಡಿನಂಚಿನ ಬಡ ಹೆಂಗಸಿನ ಕೈಕೆಲಸವನ್ನು ಅಲ್ಲಿಯ ಗೋಡೆಗೆ ತೂಗುಹಾಕಿ ಜನ ನೋಡಿದರೆಂದರೆ ನಮಗೂ ಹೆಮ್ಮೆಯೇ. ಆದರೆ ಕಲೆ ಎಂಬ ಮಾತು ಬಂದೊಡನೆ ಕೂಲಿ ಎಂಬ ಮಾತು ಅಸಭ್ಯವಾಗಿಬಿಡುತ್ತದೆ, ಇದು ನಮಗೆ ಒಗ್ಗದು. ನಮ್ಮ ಓಣಿಯ ತಾಯಿಗೆ ಒಮ್ಮೆ ಯಾವುದೋ ಮೇಳದಲ್ಲಿ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರಂತೆ. ಹೋಗಿ ಬರುವ ಬಸ್ ಖರ್ಚು ಅವರದೇ. ಶಾಲನ್ನು ಏನು ಮಾಡಿದಿರೆಂದರೆ, "ಪಾಲಿಸ್ಟರ್ರೀ ಅದು, ಕೌದಿಯೊಳಗೆ ಹಾಕಾಕೂ ಬರಲಿಲ್ಲ" ಎಂದರು.

ಪಾಲಿಸ್ಟರಿನ ಕಾಟ ಅವರಿಗೆ ನಿಜವಾದ ಕಾಟ. ಹಿಂದೆ ಮನೆಮನೆಯಲ್ಲಿ ಹತ್ತಿಯ ಸೀರೆ, ಹತ್ತಿಯ ಪಂಚೆ ಇದ್ದವು, ಹರಿದಷ್ಟೂ ಮೆತ್ತಗೆ. ಈಗ ಹಳೆಯ ಬಟ್ಟೆ ಬೇಕಾದಷ್ಟು ಬರುತ್ತದೆ, ಹತ್ತಿಯದು ಬರುವುದಿಲ್ಲ. ಬಂದದ್ದನ್ನೂ ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ಯುವವರು ಒಯ್ಯುತ್ತಾರೆ. ನೈಲೆಕ್ಸ್, ಪಾಲಿಸ್ಟರ್ ಸೀರೆ ಜಾರುತ್ತದೆ, ಪದರ ನಿಲ್ಲುವುದಿಲ್ಲ, ಬೆವರು ಕುಡಿಯುವುದಿಲ್ಲ. ಒಳಗೆ ಅದನ್ನು ತುರುಕಿ ಮೇಲೆ ಚಂದದ ಸೀರೆ ಹೊದಿಸಿ ಕೊಟ್ಟರೆ ಕೊಳ್ಳುವವರಿಗೆ ತಿಳಿಯುವುದೇ ಇಲ್ಲ. ಹಾಗೆ ಮಾಡುವುದುಂಟೇ ಎಂದು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. ಅವರ ಅತ್ತೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದರಂತೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವನಿಗೆ ನಿದ್ದೆ ಕೊಡುವುದಿಲ್ಲ. ಇವರೂ ಈಗಲೂ ಇಡುತ್ತಾರೆ. ನಮ್ಮ ಶಿಬಿರದ ಹನ್ನೆರಡರಲ್ಲಿಯೂ ಇಟ್ಟಿದ್ದಾರೆ. ವಿಚಾರವಾದಿಗಳಾದ ನಮ್ಮ ಸಂಗಾತಿಗಳು ಇದಕ್ಕೆ ಏನೆನ್ನುವರೋ ತಿಳಿಯದು. ಹನ್ನೊಂದು ರೂಪಾಯಿ ತಾಸಿನ ಕೂಲಿಯವಳು ತನ್ನ ರೊಟ್ಟಿಯಲ್ಲಿ ಪಾಲು ಕೊಟ್ಟಳೆಂಬುದನ್ನು ಮಾತ್ರ ನಾವು ಬರೆದಿಡುತ್ತೇವೆ.

ಈಗ ನಮ್ಮ ಓದುಗರಾದ ಸಣ್ಣ ವ್ಯಾಪಾರಿಗಳಿಗೆ ಎರಡು ಮಾತು. ಈ ಓಣಿಯ ಹೆಂಗಸರಿಗೆ ಹೆಚ್ಚಿನ ಕೆಲಸ ಬರುವುದು ನಿಮ್ಮ ಅಂಗಡಿಗಳಿಂದ. ನಿಮ್ಮಲ್ಲೊಬ್ಬರನ್ನು ಕಂಡು ಮಾತಾಡಿದೆವು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ನನಗೆ ಉಳಿಯೋದೇ ಎಷ್ಟು ಸ್ವಾಮಿ? ಪಾನಿಪತ್ತಿನ ಬ್ಲಾಂಕೆಟ್ಟು ಸಂತೆಯಲ್ಲಿ ರಾಶಿ ಬಿದ್ದಿದೆ. ಕೌದಿಗೆ ಸಾವಿರ ಅಂದರೆ ಗಿರಾಕಿ ಮುಖ ತಿರುಗಿಸುತ್ತಾನೆ." ಇದು ಸುಳ್ಳಲ್ಲ. ಸಂತೆಯ ಗಿರಾಕಿಯೂ ಕೂಲಿಯವನೇ. ಆದರೆ ಅದೇ ವ್ಯಾಪಾರಿ ತಿಂಗಳಿಗೆ ಒಂದು ಗಂಟು ಕೌದಿಯನ್ನು ಬೆಂಗಳೂರಿನ ಕಡೆಗೂ ಕಳಿಸುತ್ತಾರೆ. ಅಲ್ಲಿಯ ಒಂದು ಅಂಗಡಿಯಲ್ಲಿ ಇಂಥದೇ ಕೌದಿಯ ಬೆಲೆಯ ಚೀಟಿಯನ್ನು ನಮ್ಮ ಪತ್ರಿಕೆಯವರೇ ಕಣ್ಣಾರೆ ಕಂಡರು; ಮೂರು ಸಾವಿರದ ಮೇಲಿತ್ತು. ಅಲ್ಲಿಯ ಗಿರಾಕಿ ಬ್ಲಾಂಕೆಟ್ಟಿಗೆ ಹೋಲಿಸಿ ಕೊಳ್ಳುವುದಿಲ್ಲ. ಕೈಹೊಲಿಗೆಗೆಂದೇ ಹಣ ಕೊಡುತ್ತಾನೆ. ಆ ಹಣದಲ್ಲಿ ಹೊಲಿದ ಕೈಗೆ ಆರು ನೂರೂ ಬರುವುದಿಲ್ಲ, ನಮ್ಮ ಊರಿನ ವ್ಯಾಪಾರಿಗೂ ಹೆಚ್ಚೇನು ಬರುವುದಿಲ್ಲ. ನಡುವೆ ಎಲ್ಲಿಯೋ ಇಂಗುತ್ತದೆ. ಸಣ್ಣ ವ್ಯಾಪಾರಿ ಮೇಲಿನವನನ್ನು ಕೇಳಲಾರದೆ ಕೆಳಗಿನವಳನ್ನು ಹಿಂಡುತ್ತಾನೆ. ಇದೇ ಕಥೆ ಮಂಡಕ್ಕಿಯಲ್ಲಿ, ಇದೇ ಕಥೆ ಅರಳೆಯಲ್ಲಿ.

ಇನ್ನೊಂದು ವಿಷಯ ಅಳತೆಯದು. ಮಾತು ಕೊಡುವಾಗ ಆರಡಿ ಎಂದು ಹೇಳಿ, ತೆಗೆದುಕೊಳ್ಳುವಾಗ ಸಣ್ಣದಾಯಿತೆಂದು ಐವತ್ತು ನೂರು ಕಡಿಯುವ ಪದ್ಧತಿ ಇದೆಯೆಂದು ನಾಲ್ಕು ಮನೆಗಳಲ್ಲಿ ಕೇಳಿದೆವು. ಚೀಟಿಯಿಲ್ಲ, ಬರಹವಿಲ್ಲ, ಅಂಗಡಿಯವನ ಬಾಯಿಮಾತೇ ಗಜಕಡ್ಡಿ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ತಕರಾರು ಕೊಳಗದ ಅಳತೆಯಿಂದಲೇ ಹುಟ್ಟಿತ್ತು. ಭತ್ತ ಅಳೆಯುವ ಕೊಳಗ ಒಡೆಯನ ಕೈಯಲ್ಲಿದ್ದರೆ ರೈತನ ಕಣಜ ತುಂಬುವುದಿಲ್ಲವೆಂದು ಆ ಬಡ ದೀವರ ಜನ ಕಂಡುಕೊಂಡರು. ಆಮೇಲೆ ಆ ಹೋರಾಟ ಉಳುವವನೇ ಹೊಲದೊಡೆಯ ಎನ್ನುವವರೆಗೆ ಬೆಳೆಯಿತು. ಮೊದಲು ಕೇಳಿದ್ದು ಅಳತೆ ಸರಿಯಿರಲಿ ಎಂದು ಮಾತ್ರ. ಕೌದಿಯವರೂ ಅಷ್ಟನ್ನೇ ಕೇಳುತ್ತಿದ್ದಾರೆ: ಕೆಲಸ ಕೊಡುವಾಗ 'ಇಂತಿಷ್ಟು ಉದ್ದ, ಇಂತಿಷ್ಟು ಅಗಲ, ಇಂತಿಷ್ಟು ದರ' ಎಂದು ತಾರೀಖು ಹಾಕಿ ಒಂದು ಚೀಟಿ ಬರೆದು ಕೊಡಬೇಕು, ದಾರ ಕೆಲಸ ಕೊಡುವವನದಾಗಬೇಕು, ಮಾಲು ಮಾರಾಟವಾದ ಮೇಲಲ್ಲ, ಮಾಲು ಕೈಗಿಟ್ಟ ದಿನವೇ ಹಣ ಸಲ್ಲಬೇಕು. ಇದಕ್ಕೆ ಪಾರ್ಲಿಮೆಂಟು ಕೂಡಬೇಕಾಗಿಲ್ಲ. ಒಂದು ಚೀಟಿ ಪುಸ್ತಕ ಸಾಕು.

ಮನೆಯವರಿಗೆಂದು ಹೊಲಿದ ಕೌದಿಯ ಮಾತು ಬೇರೆ. ಮಧ್ಯಾಹ್ನ ಊಟವಾದ ಮೇಲೆ ತಾಯಿ ಪೆಟ್ಟಿಗೆ ತೆಗೆದು ಒಂದೊಂದೇ ತೋರಿಸಿದರು. ಮೊಮ್ಮಗಳು ಹುಟ್ಟಿದಾಗ ಹೊಲಿದ ಕುಂಚಿಗೆ, ಅದರ ನೆತ್ತಿಗೆ ಅತ್ತೆಯ ಇಳಕಲ್ ಸೀರೆಯ ಸೆರಗಿನ ಚೂರು. ಮಗಳು ಗಂಡನ ಮನೆಗೆ ಹೋಗುವಾಗ ಹೊಲಿದು, ಆಕೆ "ಅಲ್ಲಿ ಎಲ್ಲರ ಮನ್ಯಾಗೂ ಬ್ಲಾಂಕೆಟ್ ಐತಿ" ಎಂದು ಬಿಟ್ಟು ಹೋದ ಒಂದು ಜೋಡಿ. ಕೊನೆಯದು ದಪ್ಪನೆಯ ನೀಲಿ ಕೌದಿ. ಗಿರಣಿ ಮುಚ್ಚಿದ ವರ್ಷ ಯಜಮಾನರು ಪಾಳಿಗೆ ಹಾಕುತ್ತಿದ್ದ ಅಂಗಿಗಳನ್ನೆಲ್ಲ ಕತ್ತರಿಸಿ ಹೊಲಿದದ್ದು. ಎದೆಯ ಮೇಲಿನ ಜೇಬನ್ನು ಬಿಚ್ಚದೆ ಹಾಗೆಯೇ ಬಿಟ್ಟಿದ್ದಾರೆ. ಏಕೆಂದು ಕೇಳಿದರೆ, ಬಿಚ್ಚಿದರೆ ಆ ಜಾಗದಲ್ಲಿ ಬಟ್ಟೆ ಬೇರೆ ಬಣ್ಣ ಕಾಣುತ್ತದೆ, ಅದಕ್ಕೆ ಎಂದರು. ಮೊಮ್ಮಗ ಅದರಲ್ಲಿ ಗೋಲಿ ಇಟ್ಟುಕೊಂಡಿದ್ದ. ಇದಕ್ಕೆ ಯಾರಾದರೂ ಬೆಲೆ ಕೇಳಿದ್ದುಂಟೇ ಎಂದೆವು. ಒಬ್ಬರು ಪೇಟೆಯಿಂದ ಬಂದವರು ಐದು ಸಾವಿರ ಕೊಡುತ್ತೇನೆಂದರಂತೆ. ಯಜಮಾನರು ಮಂಚದ ಮೇಲಿನಿಂದಲೇ ಬೇಡವೆಂದು ಕೈಯಾಡಿಸಿದರಂತೆ.

ಪ್ರೀತಿಗೆ ಹೊಲಿದದ್ದು ಹೀಗಿರುತ್ತದೆ. ಅದಕ್ಕೆ ದರವಿಲ್ಲ, ಬೇಡ. ಕೂಲಿಗೆ ಹೊಲಿದದ್ದಕ್ಕೆ ದರವುಂಟು. ಇವೆರಡನ್ನೂ ಬೆರೆಸಿ, "ಹೆಂಗಸರು ಪ್ರೀತಿಯಿಂದ ಮಾಡುವ ಕೆಲಸ" ಎಂದು ಹಾಡುವುದರಿಂದ ಲಾಭ ಯಾವಾಗಲೂ ಕೊಳ್ಳುವವನಿಗೆ. ಸೊಸೆ ಹೊಲಿಗೆ ಕಲಿಯಲು ಒಲ್ಲೆ ಎನ್ನುತ್ತಾಳೆಂದು ಅತ್ತೆಗೆ ಸ್ವಲ್ಪ ಬೇಸರವಿದೆ. ಭಟ್ಟಿಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಸಂಜೆ ಬಂದ ಆ ಹೆಣ್ಣುಮಗಳನ್ನೂ ಕೇಳಿದೆವು. "ಅಲ್ಲಿ ವಾರಕ್ಕೊಮ್ಮೆ ಆದ್ರೂ ರೊಕ್ಕ ಕೈಗೆ ಬರ್ತೈತಿ, ಎಷ್ಟು ಅಂತ ಗೊತ್ತಿರ್ತೈತಿ" ಎಂದಳು. ಕೌದಿಯ ಕಲೆ ಅಳಿಯುತ್ತಿದೆಯೆಂದು ಕಣ್ಣೀರು ಹಾಕುವವರು ಈ ಹೆಣ್ಣುಮಗಳ ಮಾತನ್ನು ಕೇಳಬೇಕು.

ನಮ್ಮ ಸಮಿತಿ ಮತ್ತೆ ಕೂಡಿತು. ಈ ಸಲ ಚರ್ಚೆ ಎರಡು ತಾಸು ನಡೆಯಿತು. 40 ತಾಸನ್ನು ಐದು ದಿನವೆಂದು ಹಿಡಿದು, ದಿನಕ್ಕೆ 370ರಂತೆ 1,850, ದಾರಕ್ಕೆ 60, ಒಂದು ಕೌದಿಗೆ 1,910. ಹನ್ನೆರಡಕ್ಕೆ 22,920. ಕೊಟ್ಟದ್ದು 6,000. ಬಾಕಿ 16,920. ಅಷ್ಟು ಹಣ ಪಕ್ಷದ ಪೆಟ್ಟಿಗೆಯಲ್ಲಿಲ್ಲ ಎಂದು ಖಜಾಂಚಿಯವರು ಎದ್ದು ಹೇಳಿದರು. ಅದು ನಿಜವೂ ಹೌದು. ನಾಲ್ಕು ಕಂತಿನಲ್ಲಿ ಕೊಡುವುದೆಂದು ತೀರ್ಮಾನವಾಗಿ, ಮೊದಲ ಕಂತು 4,230 ರೂಪಾಯಿ ಸಂದಾಯವಾಗಿದೆ. ಮೊದಲು ಈ ಖರ್ಚನ್ನು ಪುಸ್ತಕದಲ್ಲಿ 'ಸಾದಿಲ್ವಾರು' ಎಂಬ ತಲೆಬರಹದ ಕೆಳಗೆ ಬರೆದಿದ್ದರು. ಈಗ 'ಕೂಲಿ' ಎಂದು ತಿದ್ದಿದ್ದಾರೆ. ಹಣ ಕೊಡಲು ಹೋದವರಿಗೆ ಆ ಐವರು ಹೆಂಗಸರು ಚಹಾ ಕೊಟ್ಟರು, ನೋಟನ್ನು ಎರಡು ಸಲ ಎಣಿಸಿದರು, ಉಳಿದ ಮೂರು ಕಂತಿನ ತಾರೀಖನ್ನು ಬರೆದುಕೊಡಿ ಎಂದು ಕೇಳಿ ಬರೆಸಿಕೊಂಡರು.

ಕೌದಿ ಹೊಲಿಯುವವರ ಮೊದಲ ಸಭೆ ಬರುವ ಭಾನುವಾರ ನಡೆಯುತ್ತದೆ. ಬೆಳಗ್ಗೆ ಹತ್ತಕ್ಕೆ ಪಕ್ಷದ ಕಚೇರಿಯಲ್ಲಿ ಎಂದು ನಾವು ಮೊದಲು ಗೊತ್ತು ಮಾಡಿದ್ದೆವು. ಆ ದಿನ ಬೆಳಗ್ಗೆ ನಲ್ಲಿಯಲ್ಲಿ ನೀರು ಬರುತ್ತದೆ, ಯಾರೂ ಬರಲಾಗುವುದಿಲ್ಲ ಎಂದು ಅವರು ಹೇಳಿ ಕಳಿಸಿದ್ದಾರೆ. ಆದುದರಿಂದ ಸಭೆ ಮಧ್ಯಾಹ್ನ ಮೂರಕ್ಕೆ, ಹಳೆಯ ಗಿರಣಿಯ ಹಿಂದಿನ ಓಣಿಯಲ್ಲಿ, ಬೇವಿನ ಮರದ ಕೆಳಗೆ. ಕೆಲಸ ಕೊಡುವ ವ್ಯಾಪಾರಿಗಳೂ ಬರಬಹುದು. ಹಾಸಲು ಚಾಪೆಯನ್ನು ಅವರವರೇ ತರತಕ್ಕದ್ದು.